ಹಳೇ ಪಾರ್ಟ್ ಎಲ್ಲಿ?

ಅಳಿಯಂದಿರಲ್ಲಿ ಎರಡು ಬಗೆ. ಕೈ ಇರುವ ಅಳಿಯ, ಬಾಯಿ ಇರುವ ಅಳಿಯ. ಮೊದಲನೆಯವನು ಮಾವನ ಮನೆಗೆ ಕಾಲಿಟ್ಟರೆ ಸೋರುವ ನಲ್ಲಿ, ಕಿರುಗುಟ್ಟುವ ಬಾಗಿಲು, ತಿರುಗದ ಫ್ಯಾನು ಎಲ್ಲವೂ ಅವನ ಮುಖ ನೋಡಿ ನೆಟ್ಟಗಾಗುತ್ತವೆ. ಎರಡನೆಯವನು ಹೋದರೆ ಕಾಫಿಪುಡಿ ಖರ್ಚಾಗುತ್ತದೆ. ನಾನು ಯಾವ ಬಗೆಯವನೆಂದು ಬಿಡಿಸಿ ಹೇಳಬೇಕಾಗಿಲ್ಲ. ಶಿವಮೊಗ್ಗದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಸತ್ತುಹೋದ ರಾಜರ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲೆ, ಉರಿಯದ ಬಲ್ಬಿನ ಮುಂದೆ ಮೂಕನಾಗಿ ನಿಲ್ಲುತ್ತೇನೆ. ಹೊಸಮನೆ ಬಡಾವಣೆಯ ನಮ್ಮ ಮನೆಯಲ್ಲಿ ಈ ಕೊರತೆ ಯಾರಿಗೂ ಅಷ್ಟಾಗಿ ತೋರುವುದಿಲ್ಲ. ತೋರುವುದು ಭದ್ರಾವತಿಗೆ ಹೋದಾಗ.

ಏಕೆಂದರೆ ಅಲ್ಲಿ ನನ್ನ ಮಾವ ಇದ್ದಾರೆ. ಕಾರ್ಖಾನೆಯಲ್ಲಿ ಕಬ್ಬಿಣದ ಜೊತೆ ಗುದ್ದಾಡಿ ನಿವೃತ್ತರಾಗಿ ಈಗ ಓಲ್ಡ್ ಟೌನಿನ ಮನೆಯಲ್ಲಿರುವ ಅವರಿಗೆ ಪಂಪ್‌ಸೆಟ್ಟಿನ ಸದ್ದು ಕೇಳಿದರೇ ಕಾಯಿಲೆ ಗೊತ್ತಾಗುತ್ತದೆ. ರಿಪೇರಿ ಎಂದರೆ ಅವರಿಗೆ ಒಂದು ಕ್ರಮವಿದೆ: ಬಿಚ್ಚಬೇಕು, ಕೆಟ್ಟಿದ್ದನ್ನು ತೆಗೆಯಬೇಕು, ಹೊಸದು ಹಾಕಬೇಕು, ತೆಗೆದ ಹಳೆಯ ಪಾರ್ಟನ್ನು ಯಜಮಾನನ ಕೈಗೆ ಕೊಡಬೇಕು. ಹಳೇ ಪಾರ್ಟ್ ಕೊಡದ ಮೆಕ್ಯಾನಿಕ್ ಅವರ ಲೆಕ್ಕದಲ್ಲಿ ಕಳ್ಳ. ಅವರ ಮನೆಯ ಷೋಕೇಸಿನಲ್ಲಿ ಗೊಂಬೆಗಳ ಪಕ್ಕದಲ್ಲೇ ಸವೆದ ಬೇರಿಂಗು, ಸುಟ್ಟ ಕಾಯಿಲ್ ಎಲ್ಲ ಸಾಲಾಗಿ ಕೂತಿವೆ. ಒಂದೊಂದಕ್ಕೂ ಒಂದೊಂದು ಕಥೆ. ಇಂಥವರ ರಿಪೇರಿಗಳಲ್ಲಿ ಮದುವೆಯಾದಾಗಿನಿಂದ ನನಗೆ ಸಿಕ್ಕಿರುವ ಹುದ್ದೆ ಟಾರ್ಚ್ ಹಿಡಿಯುವುದು. ಅದರಲ್ಲೂ ಬಡ್ತಿ ಸಿಕ್ಕಿಲ್ಲ. "ಅಳಿಯಂದ್ರೇ, ಬೆಳಕು ನನ್ನ ಕಣ್ಣಿಗಲ್ಲ, ನಟ್ಟಿಗೆ ಬಿಡಿ" ಎಂದು ಅವರು ಮೆಲ್ಲಗೆ, ಬಹಳ ಮರ್ಯಾದೆಯಿಂದ ಹೇಳುತ್ತಾರೆ. ಆ ಮರ್ಯಾದೆಯೇ ನನ್ನನ್ನು ಚುಚ್ಚುತ್ತದೆ. ಒಂದೇ ಒಂದು ಸಲ, ಏನಾದರೊಂದನ್ನು ಅವರ ಕಣ್ಣೆದುರೇ ಸರಿಮಾಡಿ "ಪರವಾಗಿಲ್ಲ, ನಮ್ಮ ಅಳಿಯ" ಅನ್ನಿಸಿಕೊಳ್ಳಬೇಕೆಂಬುದು ನನ್ನ ಬಹುಕಾಲದ ಆಸೆ.

ಅವಕಾಶ ಸಿಕ್ಕಿದ್ದು ಕಳೆದ ಆಯುಧಪೂಜೆಯಲ್ಲಿ. ಹಬ್ಬಕ್ಕೆ ಭದ್ರಾವತಿಗೆ ಹೋಗಿದ್ದೆವು. ನನ್ನ ಹೆಂಡತಿ ವೀಣಾ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಹಬ್ಬ ಮುಗಿದ ಮರುದಿನವೇ ಅವಳು ಅಲ್ಲಿ ಎಲ್ಲರೆದುರು ತನ್ನ ಕೆಲಸವನ್ನು ಮಂಡಿಸಬೇಕಿತ್ತು. ಹಾಗಾಗಿ ಲ್ಯಾಪ್‌ಟಾಪ್ ಕೂಡ ಸೀರೆಗಳ ಮಧ್ಯೆ ಮಲಗಿ ನಮ್ಮ ಜೊತೆ ಬಂದಿತ್ತು. ಪೂಜೆಗೆ ಮಾವ ಸ್ಪ್ಯಾನರ್, ಸುತ್ತಿಗೆ, ಸ್ಕೂಟರು, ಮಿಕ್ಸಿ ಎಲ್ಲವನ್ನೂ ಜೋಡಿಸಿ, ಮಗಳ ಆಯುಧವೂ ಇರಲಿ ಎಂದು ಲ್ಯಾಪ್‌ಟಾಪನ್ನೂ ತಂದಿಟ್ಟರು. ಅದು ಆಗ ಏನೋ ಅಪ್‌ಡೇಟ್ ಮಾಡಿಕೊಳ್ಳುತ್ತಿತ್ತು. ಪರದೆಯ ಮೇಲೆ ಚುಕ್ಕಿಗಳು ಗುಂಡಗೆ ತಿರುಗುತ್ತಿದ್ದವು, ಆಫ್ ಮಾಡಬೇಡಿ ಎಂದು ಕೆಳಗೆ ಬರೆದಿತ್ತು. ಮಾವನಿಗೆ ಅದು ಸರಿಬರಲಿಲ್ಲ.

"ಇದೇನಿದು, ಇನ್ನೂ ಓಡ್ತಾ ಇದೆಯಲ್ಲ! ಓಡೋ ಮೆಷಿನ್ನಿಗೆ ಯಾರಾದ್ರೂ ಪೂಜೆ ಮಾಡ್ತಾರಾ? ನಮ್ಮ ಕಾರ್ಖಾನೇಲಿ ಇವತ್ತು ಒಂದು ಬೆಲ್ಟೂ ತಿರುಗ್ತಿರ್ಲಿಲ್ಲ" ಎಂದರು.

"ಮಾವ, ಅದು ಅಪ್‌ಡೇಟು..." ಎಂದು ನಾನು ಶುರುಮಾಡಿದೆ. ಬಾಯಿ ಇರುವ ಅಳಿಯನ ಬಾಯಿಗೂ ಆ ಮನೆಯಲ್ಲಿ ಬೆಲೆ ಅಷ್ಟಕ್ಕಷ್ಟೇ. ನಾನು ವಾಕ್ಯ ಮುಗಿಸುವುದರೊಳಗೆ ಅವರು ಗುಂಡಿಯನ್ನು ಹೆಬ್ಬೆರಳಿನಲ್ಲಿ ಅದುಮಿ ಹಿಡಿದರು. ಚುಕ್ಕಿಗಳು ನಿಂತವು, ಪರದೆ ಕಪ್ಪಾಯಿತು. ಅದರ ನೆತ್ತಿಗೆ ಕುಂಕುಮವಿಟ್ಟು, ಸೇವಂತಿಗೆ ಏರಿಸಿ, ಬೂದುಗುಂಬಳಕಾಯಿ ಒಡೆದರು. ಆಯುಧ ಶಾಂತವಾಯಿತು.

ಎಷ್ಟು ಶಾಂತವಾಯಿತೆಂದರೆ ವಿಜಯದಶಮಿಯ ಬೆಳಗ್ಗೆ ಮಂಗಳಾರತಿ ಮಾಡಿ, ಆಯುಧಗಳನ್ನು ಕದಲಿಸಿ, ವೀಣಾ ಗುಂಡಿ ಒತ್ತಿದರೆ ಏಳಲೇ ಇಲ್ಲ. ನೀಲಿ ಪರದೆ ಬರುವುದು, ನಾನೇ ರಿಪೇರಿ ಮಾಡಿಕೊಳ್ಳುತ್ತೇನೆ ಎನ್ನುವುದು, ಆಗಲಿಲ್ಲ ಎನ್ನುವುದು, ಮತ್ತೆ ಮೊದಲಿಂದ. ವೀಣಾಳ ಮುಖ ಬಾಡಿತು. ಪ್ರಬಂಧದ ಹಳೆಯ ಕರಡೊಂದು ಪೆನ್‌ಡ್ರೈವಿನಲ್ಲಿತ್ತು. ಮಂಡಿಸಬೇಕಾದ ಕೊನೆಯ ಅಧ್ಯಾಯ ಮಾತ್ರ ಇದರೊಳಗೇ ಇತ್ತು. ಅಪ್ಪನನ್ನು ಬೈಯಲಾಗದೆ ಅವಳು ನನ್ನ ಕಡೆ ತಿರುಗಿದಳು. "ನೀವು ಅಲ್ಲೇ ಇದ್ರಲ್ಲ ರೀ, ಕೈ ಹಿಡ್ಕೊಳ್ಳಕ್ಕೆ ಆಗ್ಲಿಲ್ವಾ?" ಮಾವನ ಕೈ ಹಿಡಿದು ತಡೆಯುವ ಅಳಿಯ ಇನ್ನೂ ಹುಟ್ಟಿಲ್ಲ ಎಂದು ನಾನು ಮನಸ್ಸಿನಲ್ಲೇ ಹೇಳಿಕೊಂಡೆ.

ಶಿವಮೊಗ್ಗದ ಪರಿಚಯದ ರಿಪೇರಿ ಅಂಗಡಿಯವನಿಗೆ ಫೋನ್ ಮಾಡಿದೆ. "ಸಾರ್, ಸ್ಕ್ರೂಡ್ರೈವರೆಲ್ಲ ಪೂಜೆಗೆ ಕೂತಿದಾವೆ. ಅಂಗಡಿ ತೆಗ್ಯೋದು ನಾಡಿದ್ದು. ತಂದ್ಬಿಡಿ, ಫಾರ್ಮ್ಯಾಟ್ ಹೊಡ್ದು ಕೊಡ್ತೀನಿ" ಎಂದ. ಫಾರ್ಮ್ಯಾಟ್ ಎಂದರೆ ಒಳಗಿದ್ದದ್ದೆಲ್ಲ ಒರೆಸಿಹಾಕುವುದು, ವೀಣಾಳ ಅಧ್ಯಾಯವೂ ಸೇರಿ. ಫೋನಿನ ಮಾತು ಕೇಳಿಸಿಕೊಂಡ ಮಾವ ಆಗಲೇ ಅಂಗಿಯ ತೋಳು ಮಡಚುತ್ತಾ ಸ್ಪ್ಯಾನರ್ ಡಬ್ಬದ ಹತ್ತಿರ ಹೋಗಿದ್ದರು.

"ಬಿಚ್ಚಿ ನೋಡೇಬಿಡಣ. ಒಳಗೆ ಎಲ್ಲೋ ಸುಟ್ಟಿರತ್ತೆ" ಎಂದರು.

"ಒಳಗೆ ಏನೂ ಸುಟ್ಟಿಲ್ಲ ಮಾವ. ಸಿಸ್ಟಮ್ ಫೈಲು ಕೆಟ್ಟಿರೋದು. ಅರ್ಧ ಬರೆದಿರೋ ಹೊತ್ತಿಗೆ ಕರೆಂಟ್ ಹೋಯ್ತಲ್ಲ, ಅದಕ್ಕೆ" ಎಂದೆ. ಕರೆಂಟ್ ತಾನಾಗಿಯೇ ಹೋಯಿತು ಎಂಬಂತೆ ಹೇಳಿದ್ದನ್ನು ನೀವು ಗಮನಿಸಬೇಕು. ಅಳಿಯತನ ಅಂದರೆ ಅದೇ.

"ಫೈಲು ಎಲ್ಲಿದೆ? ತೋರ್ಸಿ."

"ತೋರ್ಸಕ್ಕಾಗಲ್ಲ."

"ತೋರ್ಸಕ್ಕಾಗ್ದೇ ಇರೋದು ಕೆಡೋದು ಹೆಂಗೆ?" ಎಂದರು ಮಾವ. ಕಾರ್ಖಾನೆಯಲ್ಲಿ ಕೆಟ್ಟದ್ದು ಯಾವುದೂ ಇವರ ಕಣ್ಣಿಗೆ ಕಾಣದೆ ಹೋಗಿದ್ದಿಲ್ಲ. ಸ್ಕ್ರೂ ಬಿಚ್ಚಿದರೆ ಅಧ್ಯಾಯದ ಗತಿ ಮುಗಿಯಿತು ಎಂಬ ಭಯಕ್ಕೋ ಏನೋ, ನನ್ನ ಬಾಯಿಂದ ಆ ಮಾತು ಹೊರಬಂದೇಬಿಟ್ಟಿತು. "ನಾನೇ ಸರಿಮಾಡ್ತೀನಿ." ಅಡುಗೆಮನೆಯಿಂದ ಅತ್ತೆ ಇಣುಕಿ ನೋಡಿದರು.

ಫೋನನ್ನು ಚೊಂಬಿಗೆ ಒರಗಿಸಿ, ಯಾರೋ ಪುಣ್ಯಾತ್ಮ ಮಾಡಿದ್ದ ವಿಡಿಯೊ ಹಾಕಿಕೊಂಡು ಕೂತೆ. ಅವನು ಹೇಳಿದಂತೆ ಅಲ್ಲಿ ಒತ್ತಿ ಇಲ್ಲಿ ಒತ್ತಿ ಕೊನೆಗೊಂದು ಕಪ್ಪು ಕಿಟಕಿಗೆ ಬಂದೆ. ಚಿತ್ರವಿಲ್ಲ, ಬಣ್ಣವಿಲ್ಲ, ಮಿಣುಕುವ ಒಂದು ಗೆರೆ. ಅಲ್ಲಿ ಆಜ್ಞೆಯನ್ನು ನಾವೇ ಬರೆಯಬೇಕು. ಒಂದು ಖಾಲಿ ಜಾಗ ಬಿಟ್ಟುಹೋದರೂ ಅದು ನನಗೆ ಅರ್ಥವಾಗಲಿಲ್ಲ ಎನ್ನುತ್ತದೆ, ನಮ್ಮ ಪರೀಕ್ಷಾ ವಿಭಾಗದ ಗುಮಾಸ್ತರ ಹಾಗೆ. ಮಾವ ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂತು, ನಡುಮಧ್ಯಾಹ್ನದ ಬಿಸಿಲಿನಲ್ಲಿ ಕೀಲಿಮಣೆಯ ಮೇಲೆ ಟಾರ್ಚ್ ಬಿಟ್ಟರು. ಅದರ ಅಗತ್ಯ ಖಂಡಿತ ಇರಲಿಲ್ಲ. ಆದರೆ ಬೇಡ ಎನ್ನಲು ನನಗೆ ಮನಸ್ಸು ಬರಲಿಲ್ಲ. ನಿಜ ಹೇಳಬೇಕೆಂದರೆ ಅಷ್ಟು ಸೊಗಸಾದ ಬೆಳಕನ್ನು ನಾನು ಜೀವಮಾನದಲ್ಲೇ ಕಂಡಿರಲಿಲ್ಲ.

ವಿಡಿಯೊದವನು ಡ್ರೈವಿನ ಹೆಸರು ಸಿ ಎಂದ. ಸಿ ಎಂದು ಬರೆದೆ. ಆಗುವುದಿಲ್ಲ ಎಂದಿತು. ಮತ್ತೆ ಬರೆದೆ, ಮತ್ತೆ ಅದೇ. ವೀಣಾ ಉಗುರು ಕಚ್ಚುತ್ತಿದ್ದಳು. ಆಗ ಹೊಳೆಯಿತು: ರಾಜಧಾನಿಯ ಹೆಸರು ಬದಲಾದರೂ ಊರು ಅಲ್ಲೇ ಇರುತ್ತದೆ ಎಂದು ವರ್ಷವರ್ಷ ಪಾಠ ಮಾಡುವವನು ನಾನು. ಇಲ್ಲೂ ಹಾಗೇ ಆಗಿರಬಾರದೇಕೆ? ಒಂದೊಂದೇ ಡ್ರೈವಿಗೆ ಹೋಗಿ ಏನೇನಿದೆ ಎಂದು ಇಣುಕಿದೆ. ಇತ್ತು! ಸಿಸ್ಟಮ್ ಪೂರ್ತಿ ಡಿ ಎಂಬ ಹೆಸರಿನಲ್ಲಿ ತಣ್ಣಗೆ ಕೂತಿತ್ತು. ರಿಪೇರಿಯ ಹೊತ್ತಿನಲ್ಲಿ ಹೆಸರುಗಳು ಅದಲುಬದಲಾಗುತ್ತವಂತೆ. ಇದನ್ನು ಆ ಪುಣ್ಯಾತ್ಮ ಹೇಳಿರಲಿಲ್ಲ, ನಾನೇ ಕಂಡುಹಿಡಿದದ್ದು. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ, ನಾನಂತೂ ಮರೆಯುವವನಲ್ಲ.

ಡಿ ಎಂದು ಬರೆದು ಒತ್ತಿದೆ. ಶೇಕಡಾವಾರು ಏರತೊಡಗಿತು. ಎಲ್ಲೋ ಮಧ್ಯದಲ್ಲಿ ನಿಂತೇಬಿಟ್ಟಿತು. "ಗೇರ್ ಸಿಕ್ಕಾಕ್ಕೊಂಡಿರ್ಬೇಕು, ಒಂದು ಏಟು ಕೊಡಿ" ಎಂದರು ಮಾವ. ಕೊಡಲಿಲ್ಲ. ಕಾದೆವು. ಅತ್ತೆ ಹೋಳಿಗೆ ತಂದಿಟ್ಟರೂ ಯಾರೂ ಮುಟ್ಟಲಿಲ್ಲ. ಕೊನೆಗೆ ಕೆಟ್ಟ ಫೈಲುಗಳು ಸಿಕ್ಕಿವೆ, ಸರಿಮಾಡಲಾಗಿದೆ ಎಂಬ ಸಾಲು ಬಂತು. ಮತ್ತೆ ಚಾಲೂ ಮಾಡಿದೆ. ಚುಕ್ಕಿ ತಿರುಗಿತು, ಬೆಳಕಾಯಿತು, ವೀಣಾ ಇಟ್ಟುಕೊಂಡಿದ್ದ ಭದ್ರಾ ಜಲಾಶಯದ ಚಿತ್ರ ಪರದೆಯ ತುಂಬ ಅರಳಿತು. ಅಧ್ಯಾಯ ಇದ್ದಲ್ಲೇ ಇತ್ತು. "ಅಯ್ಯೋ, ಬಂತು ರೀ!" ಎಂದು ಅವಳು ಅಪ್ಪನೆದುರೇ ನನ್ನ ಭುಜ ಹಿಡಿದು ಅಲುಗಾಡಿಸಿದಳು. ನನಗಾದ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ದಸರೆಯ ಅಂಬಾರಿಯ ಮೇಲೆ ಕೂತಷ್ಟು ಹೆಮ್ಮೆಯಾಯಿತು. ಮೆಲ್ಲಗೆ ಮಾವನ ಕಡೆ ನೋಡಿದೆ.

ಅವರು ಟಾರ್ಚ್ ಆರಿಸಿ, ಅಂಗೈ ಚಾಚಿದರು. "ಎಲ್ಲಿ, ಹಳೇ ಪಾರ್ಟ್ ಕೊಡಿ."

"ಪಾರ್ಟ್ ಯಾವ್ದೂ ತೆಗೀಲಿಲ್ಲ ಮಾವ. ಫೈಲೇ ಸರಿ ಮಾಡಿದ್ದು."

"ಏನೂ ತೆಗೀಲಿಲ್ಲ, ಏನೂ ಹಾಕ್ಲಿಲ್ಲ?" ಅವರು ಅಂಗೈಯಿಂದ ಅದರ ಬೆನ್ನು ಮುಟ್ಟಿ ನೋಡಿದರು. "ಹಂಗಾದ್ರೆ ಕೆಟ್ಟೇ ಇರ್ಲಿಲ್ಲ ಬಿಡಿ. ಬಿಸಿಯಾಗಿತ್ತು, ಆರ್ತು, ಸರಿಹೋಯ್ತು" ಎಂದು ಎದ್ದು ಕೈಕಾಲು ತೊಳೆಯಲು ಹೋದರು.

ಮರುದಿನ ಶಂಕರಘಟ್ಟದಲ್ಲಿ ವೀಣಾಳ ಮಂಡನೆ ಚೆನ್ನಾಗಿಯೇ ಆಯಿತು. ಅವಳು ಊರಿಗೆಲ್ಲ ನನ್ನ ಗುಣಗಾನ ಮಾಡಿದಳು. ಆದರೂ ಮಾವನ ಆ "ಆರ್ತು" ಎಂಬ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಉಳಿದುಕೊಂಡಿತು. ತಡೆಯಲಾರದೆ ಶಿವಮೊಗ್ಗದ ನಮ್ಮ ಮನೆಯ ಅಟ್ಟದಲ್ಲಿ ಬಿದ್ದಿದ್ದ ಸತ್ತ ಕಂಪ್ಯೂಟರಿನಿಂದ ಒಂದು ಹಸಿರು ಪಟ್ಟಿಯನ್ನು ಕಿತ್ತೆ. ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳಿದ್ದವು, ನೋಡಲು ಗಂಭೀರವಾಗಿತ್ತು. "ಅಪ್ಪಂಗೆ ಸುಳ್ಳು ಹೇಳ್ತೀರಾ?" ಎಂದು ವೀಣಾ ಕಣ್ಣರಳಿಸಿದಳು. "ಸುಳ್ಳಲ್ಲ ಮಾರಾಯ್ತಿ, ಅನುವಾದ. ಅವರಿಗೆ ತಿಳಿಯೋ ಭಾಷೇಲಿ ಹೇಳ್ತಿದೀನಿ" ಎಂದೆ. ಮುಂದಿನ ಸಲ ಭದ್ರಾವತಿಗೆ ಹೋದಾಗ, ಅವತ್ತು ಗಡಿಬಿಡಿಯಲ್ಲಿ ಕೊಡಲು ಮರೆತೆ ಎಂದು ಅದನ್ನು ಮಾವನ ಕೈಗಿಟ್ಟೆ. ಅವರು ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಿ ನೋಡಿದರು. "ನಾನ್ ಹೇಳ್ಲಿಲ್ವಾ, ಸುಟ್ಟಿದೆ ಅಂತ!" ಎಂದರು. ಆಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟರು. "ಪರವಾಗಿಲ್ಲ, ಕೈ ಇದೆ ನಿಮಗೆ."

ಈಗ ಅದು ಷೋಕೇಸಿನಲ್ಲಿ ಬೇರಿಂಗಿನ ಪಕ್ಕ ಕೂತಿದೆ. ಯಾರೇ ಬಂದರೂ ಮಾವ ಅದನ್ನು ತೆಗೆದು ತೋರಿಸಿ, ಕಥೆಯನ್ನು ನನ್ನ ಬಾಯಿಂದಲೇ ಹೇಳಿಸುತ್ತಾರೆ. ಕಪ್ಪು ಕಿಟಕಿ, ಸಿ, ಡಿ ಎಂದು ನಿಜವಾಗಿ ಮಾಡಿದ್ದನ್ನು ಹೇಳಿದರೆ ಬಂದವರು ಆಕಳಿಸುತ್ತಾರೆ. ಪಟ್ಟಿ ಕಿತ್ತಿದ್ದನ್ನು ಹೇಳಿದರೆ ಮುಂದಕ್ಕೆ ಬಾಗಿ ಕೇಳುತ್ತಾರೆ. ಹಾಗಾಗಿ ಡಿ ಡ್ರೈವಿನ ಭಾಗ ಬರಬರುತ್ತಾ ಸಣ್ಣದಾಗಿ, ಈಚೆಗೆ ಬಿಟ್ಟೇ ಹೋಗಿದೆ. ಮೊನ್ನೆ ಮಾವನ ಗೆಳೆಯರೊಬ್ಬರಿಗೆ ಹೇಳುವಾಗ ಪಟ್ಟಿ ಕೆಂಡದಂತೆ ಕಾದಿತ್ತೆಂದೂ, ಕೀಳುವಾಗ ನನ್ನ ತೋರುಬೆರಳು ಸುಟ್ಟಿತೆಂದೂ ಹೇಳಿದೆ. "ಎಲ್ಲಿ, ತೋರ್ಸಿ" ಎಂದರು ಅವರು. ಕೈ ಮುಂದೆ ಚಾಚಿ, ಅವರಿಗಿಂತ ಮೊದಲು ನಾನೇ ಬಗ್ಗಿ ಸುಟ್ಟ ಕಲೆ ಹುಡುಕತೊಡಗಿದೆ.