ಆರನೆಯ ಪಿಟಾನು

ಇದು ನಡೆದದ್ದು ಹೋದ ಜನವರಿಯಲ್ಲಿ. ಬೆಟ್ಟ ಹತ್ತುವವರಿಗೆ ಇಂಥವು ಆಗುತ್ತಲೇ ಇರುತ್ತವೆ, ಹೆಚ್ಚಿನವು ಮನೆ ಬಿಡುವ ಮೊದಲೇ.

ಹೊರಟವರು ಮೂವರು. ಮುಂದಾಳು ಹುಬ್ಬಳ್ಳಿಯವರು, ಕ್ಯಾಲಿಫೋರ್ನಿಯಾದ ಡಬ್ಲಿನ್‌ನಲ್ಲಿ ಮನೆ. ಇನ್ನೊಬ್ಬಳು ಸಾಂಟಾ ಕ್ಲಾರಾದಲ್ಲಿ ನನ್ನ ಸಹೋದ್ಯೋಗಿ, ಮಂಗಳೂರಿನವಳು. ಮೂರನೆಯವನು ನಾನು. ಚಳಿಗಾಲದ ಬೆಟ್ಟ ನನಗೆ ಅದೇ ಮೊದಲು.

೧. ಪಟ್ಟಿ

ಪಿಟಾನು ಎಂದರೆ ಬಂಡೆಯ ಬಿರುಕಿಗೆ ಸುತ್ತಿಗೆಯಿಂದ ಹೊಡೆಯುವ ಉಕ್ಕಿನ ಮೊಳೆ. ಅದರ ತಲೆಯ ತೂತಿಗೆ ಹಗ್ಗ ಸಿಕ್ಕಿಸುತ್ತೇವೆ. ಬಿರುಕಿನಲ್ಲಿ ಹಿಮ ಗಟ್ಟಿಯಾಗಿದ್ದಾಗ ಬೇರೆ ಸಲಕರಣೆ ಜಾರುತ್ತದೆ, ಇದು ನಿಲ್ಲುತ್ತದೆ. ಯಾವುದನ್ನು ಒಯ್ಯಬೇಕು, ಎಷ್ಟು ಒಯ್ಯಬೇಕು ಎಂಬುದೇ ಪ್ರಶ್ನೆ.

ನಾನು ಓದಿದ್ದು ಭೂವಿಜ್ಞಾನ. ಹನ್ನೊಂದು ಪಿಟಾನುಗಳ ಉದ್ದ, ದಪ್ಪ, ತೂಕ, ಹೊಂದುವ ಬಿರುಕು, ಎಲ್ಲ ಬರೆದು ಎರಡು ಹಾಳೆ ಮುದ್ರಿಸಿ ಒಯ್ದೆ. ಮುಂದಾಳು ಪೂರ್ತಿ ಓದಿದರು.

"ಈ ಹಾಳಿ ಎಷ್ಟು ಗ್ರಾಂ ಅದಾವ?"

"ಹತ್ತು, ಸರ್."

"ಕಾರಿನ್ಯಾಗ ಬಿಡು."

೨. ತಕ್ಕಡಿ

ಅವರ ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿದೆವು. ಐದು ಸಾಕು ಎಂದರು. ನಾನು ಆರು ಕೇಳಿದೆ. ಆರನೆಯದು ತೆಳುವಾದ ಅಲಗಿನದು, ಅರವತ್ತನಾಲ್ಕು ಗ್ರಾಂ. ಕೂದಲೆಳೆಯ ಬಿರುಕಿಗೆ ಬೇರೆ ಯಾವುದೂ ಇಳಿಯುವುದಿಲ್ಲ, ಅದಿಲ್ಲದೆ ನನಗೆ ಭಯ ಎಂದು ನೇರವಾಗಿ ಹೇಳಿದೆ. ಭಯಕ್ಕೆ ತೂಕವಿಲ್ಲ, ಅದನ್ನು ಬೇಕಾದಷ್ಟು ಒಯ್ಯಬಹುದು ಎಂದರು.

ಮಂಗಳೂರಿನವಳು ಅವರ ಹೊಟ್ಟೆಯನ್ನು ನೋಡಿದಳು. "ಅಲ್ಲಿಂದ ಒಂದು ಕಿಲೋ ಇಳಿಸಿದ್ರೆ ಹತ್ತು ಪಿಟಾನು ಬರ್ತದೆ ಮಾರಾಯ್ರೆ."

ಆ ಸಲಹೆ ಚರ್ಚೆಗೆ ಬರಲಿಲ್ಲ.

೩. ಅತ್ತೆಯವರು

ಮುಂದಾಳುವಿನ ಅತ್ತೆ ಧಾರವಾಡದಿಂದ ಬಂದಿದ್ದರು. ಪಿಟಾನು ಕೈಗೆತ್ತಿಕೊಂಡು ಇದೇನು ಎಂದು ಕೇಳಿದರು. ಅಳಿಯ ವಿವರಿಸಿದರು: ಮೊದಲು ಹತ್ತುವವನು ಹೊಡೆಯುತ್ತಾನೆ, ಕೊನೆಗೆ ಬರುವವನು ಕಿತ್ತುಕೊಂಡು ಬರುತ್ತಾನೆ.

"ಕೀಳೂದು ಇದ್ದರ ಹೊಡಿಯೂದ್ಯಾಕ?"



೪. ಕಾಲುಚೀಲ

ಹೊರಡುವ ದಿನ ಆರನೆಯ ಪಿಟಾನನ್ನು ಉಣ್ಣೆಯ ಕಾಲುಚೀಲದೊಳಗೆ ಸುತ್ತಿ ನನ್ನ ಚೀಲದ ತಳಕ್ಕೆ ಇಟ್ಟೆ. ಮುಂದಾಳು ಎಲ್ಲರ ಚೀಲವನ್ನೂ ಕೊಕ್ಕೆಯ ತಕ್ಕಡಿಗೆ ನೇತುಹಾಕಿ ಮತ್ತೆ ತೂಗಿದರು. ಹಿಂದಿನ ಲೆಕ್ಕ ತೆಗೆದು ನೋಡಿದರು.

"ಅರವತ್ತನಾಕು ಗ್ರಾಂ ಜಾಸ್ತಿ ಬಂದೈತಿ. ಕಾಲುಚೀಲ ತೊಯ್ದಾವೇನು?"

ಪಿಟಾನು ಕಾರಿನ ಡಿಕ್ಕಿಗೆ ಹೋಯಿತು.   

೫. ನಾಲ್ಕನೆಯವರು

ಬೆಟ್ಟದ ಬುಡದಲ್ಲಿ ಮುಂದಾಳು ಕೈಗವಸಿಗಾಗಿ ತಮ್ಮ ಚೀಲಕ್ಕೆ ಕೈ ಹಾಕಿದರು. ಬಟ್ಟೆಯ ಗಂಟೊಂದು ಬಂತು. ಒಳಗೆ ಕುಂಕುಮ ಹಚ್ಚಿದ ಕಲ್ಲು.

ಯಾರೂ ವಿವರಿಸಬೇಕಾಗಲಿಲ್ಲ. ಮೂವರು ಒಟ್ಟಿಗೆ ಹೊರಡಬಾರದು. ಹೊರಡಲೇಬೇಕಾದರೆ ಒಂದು ಕಲ್ಲನ್ನು ಜೊತೆಗೆ ಇಟ್ಟುಕೊಂಡರೆ ನಾಲ್ವರಾಗುತ್ತಾರೆ. ತೂಕ ಎಲ್ಲ ಮುಗಿದ ಮೇಲೆ ಅತ್ತೆಯವರು ಅಳಿಯನ ಚೀಲಕ್ಕೆ ಸೇರಿಸಿದ್ದರು. ಆ ಪ್ರವಾಸದಲ್ಲಿ ನನ್ನ ಓದು ಉಪಯೋಗಕ್ಕೆ ಬಂದದ್ದು ಒಮ್ಮೆ ಮಾತ್ರ: ಅದು ಅವರ ಮನೆಯ ಹೂಗಿಡಗಳ ಸಾಲಿನ ಕಲ್ಲು ಎಂದು ಗುರುತಿಸಿದೆ.

ಕಾರಿನಲ್ಲಿ ಬಿಡೋಣವೇ ಎಂದು ಕೇಳಿದೆ. ಮುಂದಾಳು ಕಲ್ಲನ್ನು ಅಂಗೈಯಲ್ಲೇ ತೂಗಿ ನೋಡಿದರು.

"ಮನಿಗೆ ಹೋದ ಮ್ಯಾಲ ಕೇಳ್ತಾರ. ಅವರ ಮುಂದ ಸುಳ್ಳು ಹೇಳೂದು ನನ್ನ ಕೈಲಿ ಆಗಂಗಿಲ್ಲ."

ಕಲ್ಲು ಚೀಲಕ್ಕೆ ಮರಳಿತು. ಮಂಗಳೂರಿನವಳು ಹಿಮದ ಮೇಲೆ ಕುಳಿತು ನಕ್ಕಳು. ನಾನು ಹೋಗಿ ಡಿಕ್ಕಿಯ ಪಕ್ಕ ನಿಂತೆ. ಸ್ವಲ್ಪ ಹೊತ್ತಿಗೆ ಮುಂದಾಳುವೇ ಬಂದು ಡಿಕ್ಕಿ ತೆರೆದು, ನನ್ನ ಮುಖ ನೋಡದೆ, ಪಿಟಾನು ಕೊಟ್ಟರು.

ತುದಿಗಿಂತ ಸ್ವಲ್ಪ ಕೆಳಗೆ ಕೂದಲೆಳೆಯ ಬಿರುಕೊಂದು ಸಿಕ್ಕಿತು. ಮುಂದಾಳು ನನ್ನನ್ನು ಮುಂದೆ ಬಿಟ್ಟರು, ನಾನೇ ಹೊಡೆದೆ. ಹಗ್ಗ ಸಿಕ್ಕಿಸಿ ಮೇಲಕ್ಕೆ ಹತ್ತಿದೆ.

ಕಲ್ಲು ತುದಿಯವರೆಗೂ ಬಂತು. ಅಲ್ಲಿ ಮುಂದಾಳುವಿನ ಚೀಲದಲ್ಲಿದ್ದ ಕೊಕ್ಕೆಯ ತಕ್ಕಡಿಗೆ ಹಾಕಿ ತೂಗಿದೆ. ಆರುನೂರ ಹದಿನೆಂಟು ಗ್ರಾಂ.