ಕಾರಿಗೆ ಕೆಮ್ಮು ಬರಿಸಿದ್ದು

ಎಲ್ಲಕ್ಕೂ ಮೂಲ ಗ್ಯಾರೇಜಿನವನು ಆಡಿದ ಒಂದು ಮಾತು.

"ಸಾರ್, ಏರ್ ಫಿಲ್ಟರಿನ ಧೂಳು ಆಗಾಗ ಕೊಡವ್ತಾ ಇರಿ. ಆದ್ರೆ ಅದರ ಪಕ್ಕದ ಪೈಪಿನಲ್ಲಿ ಒಂದು ಸೆನ್ಸರ್ ಇದೆ ನೋಡಿ, ಇಂಜಿನ್ನಿಗೆ ಎಷ್ಟು ಗಾಳಿ ಹೋಗ್ತಿದೆ ಅಂತ ಅಳೆಯೋದು, ಅದರ ತಂಟೆಗೆ ಮಾತ್ರ ಹೋಗ್ಬೇಡಿ. ಒಳಗಿನ ತಂತಿ ಕೂದಲಿಗಿಂತ ಸಣ್ಣ. ಅದಕ್ಕೇನಾದ್ರೂ ಆಯ್ತೋ, ಗಾಡಿ ಕೆಮ್ಮಿ ಕೆಮ್ಮಿ ನಿಂತುಬಿಡುತ್ತೆ."

ಬೇರೆ ಯಾರಾದರೂ ಆಗಿದ್ದರೆ ಹೆದರುತ್ತಿದ್ದರು. ಹೂಂರಾಯನಿಗೆ ಮಾತ್ರ ಹಾಲು ಕುಡಿದಷ್ಟು ಸಂತೋಷವಾಯಿತು.

ಹೂಂರಾಯ ಎಂಬುದು ಅವನ ಹೆಸರಲ್ಲ. ಯಾರು ಏನು ಕೇಳಿದರೂ "ಹೂಂ" ಎನ್ನುವ ದೌರ್ಬಲ್ಯಕ್ಕೆ ವಿಮಾ ಕಚೇರಿಯ ಜೊತೆಗಾರರು ಕೊಟ್ಟ ಬಿರುದು. ಮ್ಯಾನೇಜರು ಅವನ ಬೀದಿಯ ತುದಿಗೇ ಮನೆ ಮಾಡಿಕೊಂಡು ಬಂದು, "ಹೇಗೂ ಒಂದೇ ದಾರಿ, ನಾನೂ ನಿಮ್ಮ ಕಾರಲ್ಲೇ ಬಂದ್ಬಿಡ್ತೀನಿ" ಎಂದಾಗ ಏನಾದರೂ ನೆಪ ಹೇಳಿ ಜಾರಿಕೊಳ್ಳಬಹುದಿತ್ತು. ಜಾರಿಕೊಳ್ಳಲಿಲ್ಲ, ಪುಣ್ಯಾತ್ಮ.

ಅಲ್ಲಿಗೆ ಅವನ ಸುಖ ಮುಗಿಯಿತು. ಮನೆಯಿಂದ ಕಚೇರಿಗೆ ಹೋಗುವ ಅರ್ಧ ಗಂಟೆ ಅವನ ಪಾಲಿನ ಸ್ವರ್ಗವಾಗಿತ್ತು. ಕಾರಿನ ಗಾಜು ಏರಿಸಿಕೊಂಡು ಹಳೆಯ ಸಿನಿಮಾ ಹಾಡುಗಳನ್ನು ಗಂಟಲು ಹರಿಯುವಂತೆ ಹಾಡುತ್ತಿದ್ದ. ಮನೆಯಲ್ಲಿ ಬಾಯಿ ತೆರೆದರೆ ಹೆಂಡತಿ, "ಯಾರಿಗೋ ಏನೋ ಆಯ್ತು ಅಂತ ಅಕ್ಕಪಕ್ಕದವ್ರು ಓಡಿ ಬರ್ತಾರೆ ರೀ" ಎನ್ನುವಳು. ಕಚೇರಿಯಲ್ಲಂತೂ ಕೆಮ್ಮುವುದಕ್ಕೂ ಹೆದರಿಕೆ. ಇದ್ದ ಒಂದೇ ಜಾಗದಲ್ಲಿ ಈಗ ಮ್ಯಾನೇಜರು ಕುಳಿತು, ತಾವು ಗುಮಾಸ್ತರಾಗಿದ್ದವರು ಮ್ಯಾನೇಜರಾದ ಕತೆಯನ್ನು ದಿನವೂ ಮೊದಲಿನಿಂದ ಹೇಳುತ್ತಿದ್ದರು. ದೊಡ್ಡ ಸಿಗ್ನಲ್ಲಿನ ಹೊತ್ತಿಗೆ ಮೊದಲ ಬಡ್ತಿ. ಅಲ್ಲಿ ಹಸಿರು ದೀಪವಿದ್ದರೆ, "ಸ್ವಲ್ಪ ನಿಧಾನ ಮಾಡಿ, ಇಂಟರ್‌ವ್ಯೂ ಮುಗಿಸಿಬಿಡ್ತೀನಿ" ಎನ್ನುವರು. ಹಿಂದಿನ ಗಾಡಿಯವರ ಬೈಗುಳವೆಲ್ಲ ಹೂಂರಾಯನ ಪಾಲಿಗೆ.

ಕಾರೇ ಕೆಟ್ಟರೆ? ಮ್ಯಾನೇಜರು ಬೇರೆ ದಾರಿ ನೋಡಿಕೊಳ್ಳಲೇಬೇಕು. ಒಮ್ಮೆ ಬೇರೆ ದಾರಿಗೆ ಒಗ್ಗಿಕೊಂಡರೆ ಮತ್ತೆ ಈ ಕಡೆ ಬಾರರು. ಅಲ್ಲಿಯವರೆಗೆ ತಾನು ಬಸ್ಸಿನಲ್ಲಿ ನೇತಾಡಿದರಾಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಭಾನುವಾರ ಬೆಳಿಗ್ಗೆ ಹೂಂರಾಯ ಬಾನೆಟ್ ಎತ್ತಿದ. ಆಚೀಚೆ ನೋಡಿ, ಸೆನ್ಸರಿಗೆ ಸಿಕ್ಕಿಸಿದ್ದ ಪ್ಲಗ್ಗನ್ನು ಎಳೆದು ಸಡಿಲ ಮಾಡಿದ. ಕೀಲಿ ತಿರುಗಿಸಿದರೆ ಕಾರು ಖೊಕ್ ಖೊಕ್ ಎಂದು ತಣ್ಣಗಾಯಿತು. ಅವನ ಕಣ್ಣಲ್ಲಿ ನೀರೇ ಬಂತು.

ಆದರೆ ಬಾನೆಟ್ ತೆರೆದ ಕಾರಿಗೆ ಜನ ಮುತ್ತುವುದು ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ. ಎದುರುಮನೆಯ ನಿವೃತ್ತ ಬಸ್ ಡ್ರೈವರು, ಬೀದಿಗೆಲ್ಲ ಗೇರ್ ತಾತ, ಬಾಯಲ್ಲಿ ಬ್ರಷ್ಷಿನ ಸಮೇತ ಬಂದೇಬಿಟ್ಟ.

"ಏನಯ್ಯಾ, ಗಾಡಿಗೆ ನೆಗಡಿಯಾ?"

"ಹೂಂ ತಾತ, ಕೆಟ್ಟೇಹೋಯ್ತು. ನೀವು ಹೋಗಿ ಮುಖ ತೊಳ್ಕೊಳ್ಳಿ."

"ನಾನಿರೋವಾಗ ಕೆಡೋದುಂಟೇ! ನಿನ್ನ ವಯಸ್ಸಿನಷ್ಟು ವರ್ಷ ಬಸ್ ಓಡಿಸಿದ್ದೀನಿ." ತಾತ ತಲೆ ಒಳಗೆ ತೂರಿಸಿ ಪ್ಲಗ್ಗನ್ನು ಟಕ್ಕೆಂದು ಒತ್ತಿದ. ಕಾರು ಮಡಿಲಲ್ಲಿ ಕೂತ ಬೆಕ್ಕಿನಂತೆ ಗುರುಗುಟ್ಟತೊಡಗಿತು. "ಇಷ್ಟೇ ನೋಡು. ಮೊದ್ಲೇ ಕರೀಬಾರ್ದಾ?"

"ದೊಡ್ಡ ಉಪಕಾರವಾಯ್ತು ತಾತ" ಎಂದ ಹೂಂರಾಯ, ಕಹಿ ಕಷಾಯ ಕುಡಿದವನಂತೆ.

ತಾತ ಬಾಯಿ ಮುಕ್ಕಳಿಸಲು ಹೋದದ್ದೇ ತಡ, ಹೂಂರಾಯ ಅಡುಗೆಮನೆಯಲ್ಲಿ ಕೈಗೆ ಸಿಕ್ಕ ಬಟ್ಟೆಯನ್ನು ತಂದು ಏರ್ ಫಿಲ್ಟರಿನ ಡಬ್ಬಿಯೊಳಗೆ ತುರುಕಿ ಮುಚ್ಚಿದ. ಈ ಸಲ ಕಾರು ಕೆಮ್ಮಿದ ರಭಸಕ್ಕೆ ಮೂರು ಮನೆಗಳ ಕಿಟಕಿ ತೆರೆದುಕೊಂಡವು. ತಾತ ಮರಳಿ ಬಂದ. ಜೊತೆಗೆ ಮೇಲಿನ ಮನೆಯ ಹಲ್ಲಿನ ಡಾಕ್ಟರೂ ಇಳಿದು ಬಂದರು.

ತಾತ ಡಬ್ಬಿ ಬಿಚ್ಚಿ ಬಟ್ಟೆಯನ್ನು ಎಳೆದು ತೆಗೆದ. "ನೋಡಿದ್ರಾ? ಇಲಿ ಕೆಲಸ! ಗೂಡು ಕಟ್ಟೋಕೆ ಎಳ್ಕೊಂಡು ಬಂದಿದೆ."

"ಹೂಂ, ಇಲಿಯೇ" ಎಂದ ಹೂಂರಾಯ.

ಸದ್ದು ಕೇಳಿ ಬಂದ ಹೆಂಡತಿ ಬಟ್ಟೆ ನೋಡಿ, "ಅಯ್ಯೋ, ಇದು ನಾನು ಒಗೆದು ಮಡಿಸಿಟ್ಟಿದ್ದ ಒಲೆ ಒರೆಸೋ ಬಟ್ಟೆ! ಅಲ್ಲ ರೀ, ಇಲಿ ಬಟ್ಟೆ ತುರುಕಿ, ಆಮೇಲೆ ಡಬ್ಬಿಯ ಕ್ಲಿಪ್ಪನ್ನೂ ಹಾಕಿ ಹೋಯ್ತಾ?" ಎಂದಳು.

"ಈಗಿನ ಇಲಿಗಳು ಬಲು ಚುರುಕಮ್ಮಾ" ಎಂದು ತಾತನೇ ಕಾಪಾಡಿದ. ಅಷ್ಟಕ್ಕೆ ಬಿಡದೆ ಫಿಲ್ಟರನ್ನು ಗೋಡೆಗೆ ಪಟಪಟ ಬಡಿದ. ಅದರ ಧೂಳೆಲ್ಲ ಹಗ್ಗದ ಮೇಲೆ ಒಣಗುತ್ತಿದ್ದ ಬಿಳಿ ಹೊದಿಕೆಗಳ ಮೇಲೆ ಹೋಗಿ ಕೂತಿತು. ಹಿರಿಯರನ್ನು ಬೈಯಲಾಗದೆ ಹೆಂಡತಿ ಗಂಡನನ್ನೇ ಮನಸಾರೆ ಬೈದಳು.

"ಇರಲಿ ಬಿಡಿ" ಎಂದರು ಡಾಕ್ಟರು. "ಫಿಲ್ಟರ್ ಆಯ್ತು. ಹಾಗೇ ಈ ಸೆನ್ಸರನ್ನೂ ಕ್ಲೀನ್ ಮಾಡಿಬಿಡೋಣ. ಸೂಕ್ಷ್ಮದ ಕೆಲಸ, ನನಗೆ ಬಿಡಿ."

ಗ್ಯಾರೇಜಿನವನ ಮಾತು ಹೂಂರಾಯನಿಗೆ ನೆನಪಾಯಿತು. ದೇವರು ಕೊಟ್ಟರೆ ಹೀಗೂ ಕೊಡುತ್ತಾನೆ! "ಹೂಂ ಡಾಕ್ಟ್ರೇ, ಚೆನ್ನಾಗಿ ಕೆರೀರಿ, ಸಂದಿಗೊಂದಿ ಬಿಡ್ಬೇಡಿ" ಎಂದು ತಾನೇ ಟಾರ್ಚ್ ಹಿಡಿದು ನಿಂತ.

ಡಾಕ್ಟರು ಕೊಕ್ಕೆಯಂಥ ಸಲಕರಣೆ ತಂದು, ಅಭ್ಯಾಸಬಲದಿಂದ "ನೋವಾದ್ರೆ ಕೈ ಎತ್ತಿ" ಎಂದು ಪೈಪಿಗೆ ಹೇಳಿ, ಕೆರೆಯಲು ಶುರುಮಾಡಿದರು. ಒಳಗೆ ಟಿಣ್ ಎಂದಿತು. ಡಾಕ್ಟರ ಮುಖ ಬಿಳಿಚಿತು.

"ಅಯ್ಯೋ, ಬೇರುಸಮೇತ ಬಂದ್ಬಿಡ್ತಲ್ಲ!"

ಕೊಕ್ಕೆಯ ತುದಿಯಲ್ಲಿ ಕೂದಲಿನಂಥ ತಂತಿ ನೇತಾಡುತ್ತಿತ್ತು. ಕೀಲಿ ತಿರುಗಿಸಿದರೆ ಕಾರು ನಾಲ್ಕು ಸಲ ಗುದ್ದಾಡಿ ನಿಂತೇಹೋಯಿತು. ತಾತ ತಲೆಯಾಡಿಸಿದ. "ಹಳೇ ಮಾಡೆಲ್ಲು. ಈ ಪಾರ್ಟು ಹುಡುಕಿ ತರಿಸೋಕೆ ತಿಂಗಳುಗಟ್ಟಲೆ ಬೇಕು ಕಣಯ್ಯಾ."

ಹೂಂರಾಯನಿಗೆ ಡಾಕ್ಟರ ಕಾಲಿಗೆ ಬೀಳಬೇಕೆನಿಸಿತು. ಕಷ್ಟಪಟ್ಟು ಮುಖ ಸಪ್ಪಗೆ ಮಾಡಿಕೊಂಡು, "ಪರವಾಗಿಲ್ಲ ಬಿಡಿ" ಎಂದ.

ಅಷ್ಟರಲ್ಲಿ ಗೇಟು ಕಿರ್ರೆಂದಿತು. ಸ್ವತಃ ಮ್ಯಾನೇಜರು! ಹೂಂರಾಯ ಓಡಿ ಹೋಗಿ, ಅಳುವ ದನಿಯಲ್ಲಿ ಸುದ್ದಿ ಹೇಳಿದ. "ಸಾರ್, ಕಾರು ಕೈಕೊಡ್ತು. ಯಾವಾಗ ಸರಿಹೋಗುತ್ತೋ ಗೊತ್ತಿಲ್ಲ. ನಾಳೆಯಿಂದ ತಾವು ಬೇರೆ ಏನಾದ್ರೂ…"

"ಅಯ್ಯೋ ಪಾಪ! ನಾನು ಬಂದದ್ದೂ ಅದೇ ಮಾತು ಹೇಳೋಕೆ ಕಣ್ರೀ" ಎಂದರು ಮ್ಯಾನೇಜರು. "ಹೆಡ್ಡಾಫೀಸಿನವ್ರು ನನಗೆ ಕಾರು, ಡ್ರೈವರು ಎರಡೂ ಕೊಟ್ಟಿದ್ದಾರೆ. ನಾಳೆಯಿಂದ ನಿಮಗೆ ತೊಂದ್ರೆ ಇಲ್ಲ, ನಿಮ್ಮ ಪಾಡಿಗೆ ನೀವು ಆರಾಮಾಗಿ ಹೋಗಿ, ಅಂತ ಹೇಳಿ ಹೋಗೋಣ ಅಂದ್ಕೊಂಡೆ."

ಹೂಂರಾಯನ ಕೈಯಿಂದ ಟಾರ್ಚು ಕೆಳಗೆ ಬಿತ್ತು.

"ಆದ್ರೆ ಇಂಥ ಹೊತ್ತಲ್ಲಿ ನಿಮ್ಮನ್ನ ಕೈಬಿಟ್ರೆ ನಾನು ಮನುಷ್ಯನೇ? ಬೆಳಿಗ್ಗೆ ನನ್ನ ಜೊತೆ ಬನ್ನಿ. ಸಂಜೆನೂ ನನ್ನ ಜೊತೆನೇ ವಾಪಸ್."

"ಬೇಡ ಸಾರ್!" ಹುಟ್ಟಿದ ಮೇಲೆ ಮೊದಲ ಸಲ ಆ ಶಬ್ದ ಅವನ ಬಾಯಿಂದ ಹೊರಬಿತ್ತು. "ಬೇಡವೇ ಬೇಡ! ನಾನು ಬಸ್ಸಿಗೆ ಹೋಗ್ತೀನಿ. ನಡ್ಕೊಂಡಾದ್ರೂ ಹೋಗ್ತೀನಿ!"

"ಎಂಥ ಸಂಕೋಚದ ಪ್ರಾಣಿ ನೋಡಿ" ಎಂದು ತಾತ ಮರುಗಿದ.

"ಅವ್ರು ಹಾಗೇ ಸಾರ್, ಬಾಯಿಬಿಟ್ಟು ಕೇಳೋರಲ್ಲ. ನಾನು ಕಳಿಸ್ತೀನಿ ಬಿಡಿ" ಎಂದಳು ಹೆಂಡತಿ.

ಮ್ಯಾನೇಜರ ಕಣ್ಣು ತುಂಬಿ ಬಂತು. ಹೂಂರಾಯನ ಹೆಗಲ ಮೇಲೆ ಕೈ ಹಾಕಿ, "ಡ್ರೈವರ್ ಇರ್ತಾನಲ್ಲ, ಇನ್ಮೇಲೆ ನೀವೂ ಹಿಂದಿನ ಸೀಟಲ್ಲಿ ನನ್ನ ಪಕ್ಕದಲ್ಲೇ" ಎಂದರು. "ಇಷ್ಟು ದಿನ ಪಾಪ, ರಸ್ತೆ ನೋಡ್ಕೊಂಡು ಅರ್ಧಂಬರ್ಧ ಕೇಳಿಸ್ಕೋತಿದ್ರಿ. ನಾಳೆ ಮೊದಲಿನಿಂದ ಸರಿಯಾಗಿ ಹೇಳ್ತೀನಿ."