ಅಂಗಳದಲ್ಲಿ ನಿಂತರೆ ಓಡುವ ಕಂಪ್ಯೂಟರು

ಭಾನುವಾರ ಬೆಳಿಗ್ಗೆ ಅಜ್ಮತ್ ಮಗಳ ಬಲಗಡೆಯ ಜಡೆ ಮುಗಿಸಿ, ಎಡಗಡೆಯ ಕೂದಲನ್ನು ಮೂರು ಪಾಲು ಮಾಡಿ ಹಿಡಿದಿದ್ದ. ಅಷ್ಟರಲ್ಲಿ ಠಪ್ ಎಂದು ಕರೆಂಟು ಹೋಯಿತು. ಫ್ಯಾನು ನಿಂತಿತು. ಮೂಲೆಯ ಮೇಜಿನ ಮೇಲೆ ಕಂಪ್ಯೂಟರಿನ ಪರದೆ ಕಪ್ಪಾಯಿತು. ಅದರ ಜೊತೆಗೆ, ಸಿಂಗಟಗೆರೆ ತಮ್ಮಯ್ಯನವರ ಮಗಳ ಮದುವೆಗೆ ಸುಖಾಗಮನ ಬಯಸುತ್ತಿದ್ದ ನಲವತ್ತೆರಡು ಮಂದಿ ಬಂಧುಗಳೂ ಒಮ್ಮೆಗೇ ಕಣ್ಮರೆಯಾದರು.

“ಅಯ್ಯೋ, ಸೇವ್ ಮಾಡಿರ್ಲಿಲ್ಲ!” ಎಂದು ಅಜ್ಮತ್ ಕೂದಲು ಬಿಟ್ಟು ಎದ್ದ.

“ಅಬ್ಬಾ, ಇನ್ನೊಂದು ಜಡೆ?”

“ಆಮೇಲೆ, ಮಹೆಕ್.”

“ಅಬ್ಬಾ, ಒಂದು ಮಾತು ಕೇಳ್ಲಾ?”

“ಅದೂ ಆಮೇಲೆ.”

ಅಡುಗೆಮನೆಯಿಂದ ಶಿರೀನ್ ತಾಜ್ ಟೀ ಲೋಟ ಹಿಡಿದು ಬಂದಳು. “ಸಿಲಿಂಡರ್ ಬುಕ್ ಮಾಡಿದ್ರಾ?”

“ಈಗ ಮಾಡ್ತೀನಿ.”

ಈ ಮಾತನ್ನು ಅವನು ಸೋಮವಾರದಿಂದ ಹೇಳುತ್ತಲೇ ಬಂದಿದ್ದ. ಬುಕ್ಕಿಂಗ್ ಇದ್ದದ್ದು ಅವನ ಫೋನ್ ನಂಬರಿನಲ್ಲಿ. ಆ ಫೋನು ಇಡೀ ದಿನ ಗಿರಾಕಿಗಳ ಕಿವಿಗೇ ಮೀಸಲು. ಶಿರೀನ್ ಲೋಟವನ್ನು ಅವನ ಕೈಗಿಟ್ಟು ಒಳಗೆ ಹೋದಳು.

ಅಜ್ಮತ್ ಮನೆಯಲ್ಲೇ ಕೂತು ಮದುವೆ ಕಾರ್ಡು ತಯಾರಿಸುವವನು. ಈ ಕಾರ್ಡು ಮಧ್ಯಾಹ್ನ ಹನ್ನೆರಡರೊಳಗೆ ತರೀಕೆರೆಯ ಪ್ರೆಸ್ಸಿಗೆ ತಲುಪಬೇಕಿತ್ತು. ತಪ್ಪಿದರೆ ಮೆಷಿನ್ನು ಮತ್ತೆ ತಿರುಗುವುದು ಬುಧವಾರ. ತಮ್ಮಯ್ಯ ಹಿಂದಿನ ದಿನವೇ ಫೋನಿನಲ್ಲಿ ಗುಡುಗಿದ್ದರು: “ಬರೋ ಮಂಗಳವಾರ ಕಾರ್ಡು ಹಂಚೋಕೆ ಹೊರಡ್ತೀವಿ ಕಣಪ್ಪಾ. ಎಮ್ಮೆದೊಡ್ಡಿ ನೆಂಟರ ಹೆಸರು ಒಂದು ಬಿಟ್ಟೋದ್ರೂ ಮದ್ವೆ ಮನೇಲಿ ನಮ್ ಮಾನ ಹೋಯ್ತದೆ. ಆಗದಿದ್ರೆ ಈಗ್ಲೇ ಹೇಳ್ಬಿಡು, ನಮ್ ಕೇರಿ ಎಂಟು ಮದ್ವೆ ಕಾರ್ಡೂ ಬೇರೆ ಕಡೆ ಹೋಯ್ತವೆ.”

ಅಜ್ಮತ್ ಅಂಗಳಕ್ಕೆ ಇಳಿದ.

ಕಡೂರಿನ ಜಯಲಕ್ಷ್ಮಮ್ಮನವರ ವಠಾರದಲ್ಲಿ ಅವರದೊಂದು ಮನೆ, ಬಾಡಿಗೆಗೆ ಮೂರು. ನಾಲ್ಕಕ್ಕೂ ಒಂದೇ ಮೀಟರು, ಬಲ್ಬು ಫ್ಯಾನುಗಳ ಕಾಲದಲ್ಲಿ ಹಾಕಿದ ಒಂದೇ ಪುಟ್ಟ ಟ್ರಿಪ್ ಸ್ವಿಚ್ಚು, ಹೆಚ್ಚು ಕರೆಂಟು ಎಳೆದರೆ ತಾನೇ ಬೀಳುವಂಥದು. ಮನೆ ಕೊಡುವಾಗ ಅವರು ಹಾಕುವ ಷರತ್ತೂ ಒಂದೇ: “ಕರೆಂಟಲ್ಲಿ ಬಿಸಿ ಮಾಡೋ ಸಾಮಾನು ಒಂದೂ ಕೂಡದು.” ಕಂಪ್ಯೂಟರು ತಂದ ದಿನ, “ಅದು ಬಿಸಿ ಆಯ್ತದೇನಪ್ಪಾ?” ಎಂದು ಕೇಳಿದ್ದರು. ಅಜ್ಮತ್ ಪ್ರಾಮಾಣಿಕ. “ಸ್ವಲ್ಪ ಆಗ್ತದಮ್ಮಾ” ಎಂದುಬಿಟ್ಟಿದ್ದ. ಅಂದಿನಿಂದ ವಠಾರದಲ್ಲಿ ಮಿಕ್ಸಿ ಕೆಟ್ಟರೂ ಬಲ್ಬು ಸುಟ್ಟರೂ ಅಪರಾಧಿ ಕಂಪ್ಯೂಟರೇ.

ಕರೆಂಟು ಹೋದರೆ ಎಲ್ಲರೂ ಅಂಗಳಕ್ಕೆ ಬಂದು, “ನಿಮ್ಮನೇಲೂ ಹೋಯ್ತಾ?” ಎಂದು ಪರಸ್ಪರ ಕೇಳಿಕೊಳ್ಳುವುದು ಅಲ್ಲಿಯ ವಾಡಿಕೆ. ಆದರೆ ಯಾರೂ ತಕ್ಷಣ ಬರುವುದಿಲ್ಲ. ಒಳಗೆ ಏನನ್ನೋ ಕಿತ್ತು, ಏನನ್ನೋ ಅಕ್ಕಿ ಡಬ್ಬದ ಹಿಂದೆ ಸರಿಸುವಷ್ಟು ಹೊತ್ತು ಬಿಟ್ಟು ಬರುತ್ತಾರೆ.

“ಲಕ್ಕವಳ್ಳಿ ಡ್ಯಾಮಿನ ಕರೆಂಟೆಲ್ಲ ಆ ಕಂಪ್ಯೂಟರ್ ಡಬ್ಬಕ್ಕೇ ಬೇಕೇನೋ,” ಎನ್ನುತ್ತ ಎರಡನೇ ಮನೆಯ ಮಾರಮ್ಮ ಬಂದಳು. ಒದ್ದೆ ಕೂದಲಿನಿಂದ ಹಬೆ ಏಳುತ್ತಿತ್ತು.

ಮೂರನೇ ಮನೆಯ ಸೋಮಶೇಖರಪ್ಪ ನಿವೃತ್ತ ಲೈನ್‌ಮನ್. “ಮೂವತ್ತೈದು ವರ್ಷ ಕಂಬ ಹತ್ತಿದೋನು ನಾನು, ಕೇಳ್ರಿ. ಕಂಪ್ಯೂಟರ್ ಒಳಗೆ ಮೆಮೊರಿ ಅಂತ ಇರ್ತದೆ. ಅದು ತುಂಬೋವರ್ಗೂ ಕರೆಂಟ್ ಹೀರ್ತಾನೇ ಇರ್ತದೆ.”

“ಅದು ಎಳೆಯೋದು ಇನ್ನೂರು ವಾಟು ಸಾರ್. ನೀರು ಕಾಯಿಸೋ ರಾಡು ಒಂದೇ ಸಾವಿರದೈನೂರು ಎಳೀತದೆ,” ಎಂದ ಅಜ್ಮತ್.

“ರಾಡಾ? ಇಲ್ಲಿ ಯಾರ ಮನೇಲೈತೆ ರಾಡು?” ಮಾರಮ್ಮ ಬಿಸಿಯಾದಳು. ಹಬೆ ಇನ್ನಷ್ಟು ಎದ್ದಿತು.

ಸೋಮಶೇಖರಪ್ಪ ಸ್ವಿಚ್ಚು ಎತ್ತಿದರು. ಅಜ್ಮತ್ ಓಡಿಹೋಗಿ ಕೂತ. ಇಪ್ಪತ್ತು ಬಂಧುಗಳನ್ನು ಮತ್ತೆ ಕೂರಿಸಿ ಇಪ್ಪತ್ತೊಂದನೆಯವರಾಗಿ ತೀರ್ಥಪ್ಪ ದಂಪತಿಗಳನ್ನು ಕರೆತರುತ್ತಿದ್ದಾಗ, ಠಪ್! ಈ ಸಲ ಸೇವ್ ಒತ್ತಿದ್ದ, ಆದರೆ ಅದು ಮುಗಿಯುವ ಮೊದಲೇ ಪರದೆ ಕಪ್ಪಾಯಿತು. ತೀರ್ಥಪ್ಪ ದಂಪತಿಗಳು ಬಾಗಿಲಲ್ಲೇ ಸಿಕ್ಕಿಕೊಂಡಿದ್ದರು. ಯುಪಿಎಸ್ ಸತ್ತು ವರ್ಷವಾಗಿತ್ತು. ಅದರ ಮೇಲೆ ಮಹೆಕ್ ಒಂದೇ ಜಡೆಯಲ್ಲಿ ಕೂತು ಕಾಲಾಡಿಸುತ್ತಿದ್ದಳು.

“ಅಬ್ಬಾ, ಈಗ ಕೇಳ್ಲಾ?”

“ದೊಡ್ಡೋರು ತಲೆ ಕೆಡಿಸ್ಕೊಂಡಿರೋವಾಗ ಮಧ್ಯ ಬರ್ಬಾರ್ದಮ್ಮ.”

ಅವನು ಮತ್ತೆ ಅಂಗಳಕ್ಕೆ ಇಳಿದಾಗ ಈ ಸಲ ಜಯಲಕ್ಷ್ಮಮ್ಮನವರೇ ಬಂದರು. ತಲೆಗೆ ಟವೆಲು ಸುತ್ತಿತ್ತು, ಮುಖ ಬಿಸಿನೀರಿನ ಸ್ನಾನಕ್ಕೆ ಕೆಂಪಗಾಗಿತ್ತು. “ಅರ್ಧ ಸ್ನಾನಕ್ಕೆ ನಿಂತೋಯ್ತು... ಅಂದ್ರೆ, ಲೈಟು. ಅಜ್ಮತ್ತು, ಇನ್ನೊಂದ್ ಸಲ ಹೋದ್ರೆ ಕಂಪ್ಯೂಟರ್ ಈ ವಠಾರದಾಗೆ ಇರಬಾರ್ದು, ಅಷ್ಟೇ.”

ಶಿರೀನ್ ಇನ್ನೊಂದು ಲೋಟ ಟೀ ತಂದಿಟ್ಟು ಹೋದಳು. ಅಜ್ಮತ್ ಅದನ್ನು ಊದಿಕೊಂಡು ಕುಡಿಯುತ್ತ ಪತ್ತೇದಾರನಂತೆ ಸುತ್ತ ನೋಡಿದ. ಮಾರಮ್ಮನ ಕೂದಲಿನ ಹಬೆ. ಮನೆಯೊಡತಿಯ ಕೆಂಪು ಮುಖ. ಸೋಮಶೇಖರಪ್ಪನವರ ಅಂಗಿ ಎಡಗಡೆ ಹಪ್ಪಳದಂತೆ ಗರಿಗರಿ, ಬಲಗಡೆ ಒಗೆದು ಹಿಂಡಿದ ಹಾಗೇ ಮುದುಡಿ. ಯಾರ ಮನೆಯಲ್ಲಿ ಏನು ಬಿಸಿಯಾಗುತ್ತಿದೆ ಎಂಬುದು ಅವನಿಗೆ ಕ್ಷಣದಲ್ಲಿ ಹೊಳೆಯಿತು. ಟೀ ಚೆನ್ನಾಗಿ ಕುದಿದಿತ್ತು, ನಾಲಗೆ ಚುರ್ ಎಂದಿತು.

“ಪರೀಕ್ಷೆ ಮಾಡೇಬಿಡೋಣ,” ಎಂದ. “ಎಲ್ಲರೂ ಇಲ್ಲೇ ನಿಂತಿರಿ. ಕಂಪ್ಯೂಟರ್ ಒಂದೇ ಓಡ್ಲಿ.”

ಸ್ವಿಚ್ಚು ಎತ್ತಿ ಎಲ್ಲರೂ ನಿಂತರು. ಹತ್ತು ನಿಮಿಷ, ಹದಿನೈದು ನಿಮಿಷ. ಕಂಪ್ಯೂಟರು ಹಾಲು ಕುಡಿದ ಕೂಸಿನ ಹಾಗೆ ಗುರ್ ಎನ್ನುತ್ತ ಓಡಿತು. ಅಜ್ಮತ್ ಗೆದ್ದೆನೆಂದು ಹೊರಗೆ ಬಂದ.

ಸೋಮಶೇಖರಪ್ಪ ತಲೆ ಕೆರೆದುಕೊಂಡು ತೀರ್ಪು ಕೊಟ್ಟರು. “ವಿಷಯ ಗೊತ್ತಾಯ್ತು ಕಣ್ರೀ. ನಾವು ಅಂಗಳದಾಗೆ ನಿಂತ್ರೆ ಓಡ್ತದೆ, ಒಳಗೋದ್ರೆ ನಿಲ್ತದೆ. ಇದು ಭಾರಿ ಅಪಾಯದ ಮೆಷಿನ್ನು.”

“ಹಂಗಾದ್ರೆ ಕಾರ್ಡು ಮುಗಿಯೋವರ್ಗೂ ನಾವು ತೆಂಗಿನ ಗಿಡದ ಹಂಗೆ ಇಲ್ಲೇ ನೆಟ್ಕೊಂಡಿರ್ಬೇಕಾ?” ಎಂದಳು ಮಾರಮ್ಮ.

ಅಜ್ಮತನ ತಾಳ್ಮೆಯೂ ಟ್ರಿಪ್ ಆಯಿತು. “ಜಯಮ್ಮನೋರೇ, ನೀವೇ ಒಂದು ತೀರ್ಮಾನ ಹೇಳ್ಬಿಡಿ. ಯಾರ ಮನೇಲಿ ಬಿಸಿ ಮಾಡೋ ಸಾಮಾನು ಸಿಗ್ತದೋ ಅವ್ರು ನಾಳೆನೇ ಮನೆ ಖಾಲಿ ಮಾಡ್ಬೇಕು. ಒಪ್ಪಿಗೆನಾ?”

ಮಾರಮ್ಮ ಸೋಮಶೇಖರಪ್ಪನವರ ಮುಖ ನೋಡಿದಳು. ಅವರು ನೆಲ ನೋಡಿದರು. ಬೇಡವೆಂದವರೇ ಕಳ್ಳರಾಗುವ ಹೊತ್ತು. “ಒಪ್ಪಿಗೆ,” ಎಂದು ಇಬ್ಬರೂ ಗೊಣಗಿದರು. ಕಾನೂನು ಬಾಡಿಗೆದಾರರಿಗಷ್ಟೇ ಎಂದು ನೆಮ್ಮದಿಯಾಗಿದ್ದ ಜಯಲಕ್ಷ್ಮಮ್ಮ ಮಾತ್ರ ಗಟ್ಟಿಯಾಗಿ ಹೇಳಿದರು: “ಒಪ್ಪಿಗೆ. ನಮ್ ಮನೆದೇವ್ರ ಆಣೆ, ಸಿಕ್ಕಿದೋರು ನಾಳೆ ಇಲ್ಲಿರೋ ಹಂಗಿಲ್ಲ.”

ಗಂಟೆ ಹನ್ನೊಂದೂವರೆ. ಅಜ್ಮತನಿಗೆ ಬೇಕಿದ್ದದ್ದು ಇನ್ನು ಇಪ್ಪತ್ತೇ ನಿಮಿಷ, ಅಷ್ಟು ಹೊತ್ತು ಇವರು ಒಳಗೆ ಹೋಗಬಾರದು. ಅವನಿಗೊಂದು ಭಾರಿ ಉಪಾಯ ಹೊಳೆಯಿತು.

“ಎಲ್ಲರೂ ಇಲ್ಲೇ ಕೂತಿರಿ, ಟೀ ಕುಡ್ಕೊಂಡೇ ಹೋಗ್ಬೇಕು. ಶಿರೀನ್! ಎಲ್ರಿಗೂ ಟೀ, ದೊಡ್ಡ ಪಾತ್ರೆಲಿಡು!”

ಒಳಗಿನಿಂದ ಶಿರೀನ್, “ಈಗ್ಲೇನಾ? ನಿಮ್ಮ ಕೆಲಸ ಮುಗೀಲಿ...” ಎಂದಳು.

“ಈಗ್ಲೇ! ನನ್ನ ಮರ್ಯಾದೆ ಪ್ರಶ್ನೆ!”

ಒಳಗೆ ಕಂಪ್ಯೂಟರಿನ ಮುಂದೆ ಅವನ ಬೆರಳುಗಳು ಕುಣಿದವು. ಮೂವತ್ತು ಬಂಧುಗಳು ಬಂದರು. ಎಮ್ಮೆದೊಡ್ಡಿಯ ನೆಂಟರು ಸಪರಿವಾರ ಬಂದರು. ನಲವತ್ತು. ನಲವತ್ತೊಂದು. ವಧುವಿನ ಸೋದರಮಾವ ಈರಭದ್ರಪ್ಪನವರ ಹೆಸರಿಗೆ ಒತ್ತಕ್ಷರ ಹಾಕುತ್ತಿದ್ದ.

ಠಪ್!

ಅಜ್ಮತ್ ಹುಲಿಯಂತೆ ಅಂಗಳಕ್ಕೆ ಹಾರಿದ. ಎಲ್ಲರೂ ಕೂತಲ್ಲೇ ಕೂತಿದ್ದರು. ಒಬ್ಬರೂ ಅಲ್ಲಾಡಿರಲಿಲ್ಲ. ಆ ವಠಾರದಲ್ಲಿ ಅಷ್ಟು ಜನ ಅಷ್ಟು ನಿರಪರಾಧಿಗಳಾಗಿ ಎಂದೂ ಕೂತಿರಲಿಲ್ಲ.

“ಈಗೇನಂತೀರಾ ಸಾಬ್ರೇ?” ಎಂದರು ಸೋಮಶೇಖರಪ್ಪ.

“ಯಾರೋ ಆನ್ ಮಾಡೇ ಬಂದಿದ್ದೀರಾ! ನಾನು ಬಿಡೋನಲ್ಲ. ಎಲ್ಲರ ಮನೇನೂ ಹುಡುಕ್ಲೇಬೇಕು. ಬೇಕಾದ್ರೆ ನಮ್ಮನೆಯಿಂದ್ಲೇ ಶುರು ಮಾಡಿ!”

ಅಷ್ಟರಲ್ಲಿ ಶಿರೀನ್ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಗಂಡನ ಕೊನೆಯ ಮಾತು ಕಿವಿಗೆ ಬಿದ್ದು ಹೊಸ್ತಿಲಲ್ಲೇ ನಿಂತಳು. ತಟ್ಟೆಯಲ್ಲಿ ಆರು ಲೋಟ, ಆರರಿಂದಲೂ ಹಬೆ.

ಜಯಲಕ್ಷ್ಮಮ್ಮ ಒಂದು ಲೋಟ ತೆಗೆದುಕೊಂಡು ಊದಿದರು. ಮಹೆಕ್ ಅಪ್ಪನ ಅಂಗಿಯ ತುದಿ ಎಳೆದಳು.

“ಅಬ್ಬಾ, ಈಗ್ಲಾದ್ರೂ ಕೇಳ್ಲಾ?”

ನ್ಯಾಯಾಧೀಶನ ಗತ್ತಿನಲ್ಲಿದ್ದ ಅಜ್ಮತ್ ಮಗಳನ್ನು ಎತ್ತಿ ಜಗಲಿಯ ಮೇಲೆ ನಿಲ್ಲಿಸಿದ. “ಕೇಳು ಮಗಳೇ. ನಮ್ಮನೇಲಿ ಮುಚ್ಚಿಡೋ ಅಂಥದ್ದು ಏನೂ ಇಲ್ಲ. ಎಲ್ಲರಿಗೂ ಕೇಳೋ ಹಂಗೆ ಗಟ್ಟಿಯಾಗಿ ಕೇಳು.”

ಮಹೆಕ್ ಬಿಚ್ಚಿದ ಅರ್ಧ ತಲೆಗೂದಲನ್ನು ಕಿವಿಯ ಹಿಂದೆ ಸರಿಸಿ, ಶಾಲೆಯಲ್ಲಿ ಪದ್ಯ ಹೇಳುವಂತೆ ಕೇಳಿದಳು:

“ಅಬ್ಬಾ, ನಮ್ಮನೇಲಿ ಗ್ಯಾಸ್ ಖಾಲಿಯಾಗಿ ಮೂರು ದಿನ ಆಯ್ತಲ್ಲ, ಅಮ್ಮಿ ನಿನಗೆ ಟೀ ಯಾವುದ್ರಲ್ಲಿ ಕಾಯಿಸ್ತಾ ಇದಾಳೆ ಅಂತ ನೀನು ಯಾಕೆ ಒಂದ್ಸಲನೂ ಕೇಳ್ಲೇ ಇಲ್ಲ?”